ರಸ್ತೆ ದಾಟುವ ನೌಕರಿ

ನಮ್ಮ ದೊಡ್ಡಮ್ಮ ಅರ್ಧ ಆಯಸ್ಸನ್ನು ಸಿನಿಮಾ ಟಾಕೀಸಿನ ಕತ್ತಲಲ್ಲಿ ಕಳೆದವಳು. ತಡವಾಗಿ ಬಂದವರನ್ನು ಟಾರ್ಚ್ ಹಿಡಿದು ಸೀಟಿಗೆ ಮುಟ್ಟಿಸುವುದು ಅವಳ ಕೆಲಸವಾಗಿತ್ತು. ಟಾಕೀಸು ಮುಚ್ಚಿದ ಮೇಲೆ ಮನೆಯಲ್ಲಿ ಕೂತಳು. ಕೂತಳು ಎನ್ನುವುದು ಮಾತಿಗಷ್ಟೇ. ಆ ಮನೆಯಲ್ಲಿ ಕೂರುವ ಕೆಲಸವನ್ನು ದೊಡ್ಡಪ್ಪ ಬಹಳ ಹಿಂದೆಯೇ ವಹಿಸಿಕೊಂಡಿದ್ದರು. ನಡುಮನೆಗೂ ಅಡುಗೆಮನೆಗೂ ನಡುವಿನ ಬಾಗಿಲಲ್ಲಿ ಗಾಳಿ ಚೆನ್ನಾಗಿ ಆಡುತ್ತದೆಂದು ಅಲ್ಲೇ ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಪೇಪರು ಓದುತ್ತ ದೇಶವನ್ನು ಬೈಯುತ್ತಿದ್ದರು. ದೊಡ್ಡಮ್ಮ ಬಿಸಿ ಪಾತ್ರೆ ಹಿಡಿದು ಬಂದರೂ ಆ ಕಾಲು ಹಿಂದೆ ಸರಿದದ್ದನ್ನು ನಾನು ಕಂಡಿಲ್ಲ.

ಅಂಥವಳಿಗೆ, ಅರವತ್ತರ ಹತ್ತಿರ ಬಂದಮೇಲೆ, ರಸ್ತೆ ದಾಟುವ ನೌಕರಿ ಸಿಕ್ಕಿತು.

ಆಗ ಸಾರಿಗೆ ಇಲಾಖೆಯವರು ಹೊಸ ಯೋಜನೆಯೊಂದನ್ನು ಹಿಡಿದಿದ್ದರು. ಬಸ್ಸಿಗೊಂದು ವೈರ್‌ಲೆಸ್ ಪೆಟ್ಟಿಗೆ, ರಸ್ತೆ ಬದಿಯ ಕಂಬಕ್ಕೊಂದು ಪೆಟ್ಟಿಗೆ, ರಸ್ತೆ ದಾಟುವವರ ಸೊಂಟಕ್ಕೊಂದು ಬೆಲ್ಟು. ಬೆಲ್ಟು ಗಾಳಿಯಲ್ಲೇ ಬಸ್ಸಿಗೆ ‘ನಾನಿಲ್ಲಿದ್ದೇನೆ’ ಎಂದು ತಿಳಿಸುತ್ತದೆ. ಬಸ್ಸಿಗೆ ಅದು ಕೇಳಿಸಿತೆಂದರೆ ಬಸ್ಸಿನ ಪೆಟ್ಟಿಗೆ ಕೂಗುತ್ತದೆ, ಬೆಲ್ಟು ಸೊಂಟದಲ್ಲಿ ಗುರ್ರೆಂದು ಅದುರುತ್ತದೆ. ಆಮೇಲೆ ಬಸ್ಸು ತಾನೇ ಬ್ರೇಕು ಹಾಕಿಕೊಂಡು ನಿಲ್ಲುತ್ತದೆ. ಡ್ರೈವರು ಪೆಡಲನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ನಿಂತದ್ದು ಮನುಷ್ಯನಿಂದಲೋ ಯಂತ್ರದಿಂದಲೋ ಎಂದು ಗೊತ್ತಾಗುವುದು ಹೇಗೆ?

ಮೊದಮೊದಲು ಯಂತ್ರ ಮಾಡಿದ ಎಂಜಿನಿಯರುಗಳೇ ಬೆಲ್ಟು ಬಿಗಿದುಕೊಂಡು ರಸ್ತೆಗಿಳಿದರಂತೆ. ತಮ್ಮ ಯಂತ್ರದ ಮೇಲೆ ಅವರಿಗೆ ಅಪಾರ ನಂಬಿಕೆ. ಆದರೆ ಬಸ್ಸು ಹತ್ತಿರ ಬರುತ್ತಿದ್ದಂತೆ ಒಬ್ಬೊಬ್ಬರೂ ಕಾಲಿಗೆ ಬುದ್ಧಿ ಹೇಳಿದರು. ಓಡಿದವರ ಮುಂದೆ ಬಸ್ಸು ನಿಂತರೂ ಪರೀಕ್ಷೆ ಪಾಸಾದಂತಲ್ಲ. ಓಡದೇ ಇರುವವರು ಬೇಕಾಗಿತ್ತು.

ಆ ಎಂಜಿನಿಯರುಗಳಲ್ಲಿ ಒಬ್ಬಳು ದೊಡ್ಡಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಮಂಡಿನೋವಿನ ದೊಡ್ಡಮ್ಮ ಒಂದು ಮೆಟ್ಟಿಲು, ಒಂದು ನಿಟ್ಟುಸಿರು, ಮತ್ತೊಂದು ಮೆಟ್ಟಿಲು ಎಂದು ಹತ್ತುವುದನ್ನು ನೋಡಿ ಅವಳಿಗೆ ಜ್ಞಾನೋದಯವಾಯಿತು.

“ಆಂಟೀ, ನೀವು ಓಡಿ ಎಷ್ಟು ದಿನ ಆಯ್ತು?”

“ಮದುವೆಗೆ ಮುಂಚೆ ಓಡ್ಬೇಕಿತ್ತು. ಆಗ್ಲೇ ಓಡ್ಲಿಲ್ಲ,” ಎಂದಳು ದೊಡ್ಡಮ್ಮ.

ಕೆಲಸ ಖಾಯಂ ಆಯಿತು. ಹುದ್ದೆಯ ಹೆಸರು ‘ಪಾದಚಾರಿ ಪ್ರತಿನಿಧಿ’. ದೊಡ್ಡಪ್ಪ ಮೂಗು ಮುರಿದರು. “ರಸ್ತೆ ದಾಟೋದಕ್ಕೆ ಸಂಬಳಾನ? ಕೊಟ್ಟೋರ ತಲೆ ಪರೀಕ್ಷೆ ಮಾಡಿಸ್ಬೇಕು.”

ಊರ ಹೊರಗೆ ಬಳಕೆ ತಪ್ಪಿದ ಅಗಲ ರಸ್ತೆಯೊಂದರಲ್ಲಿ ಅಭ್ಯಾಸ ನಡೆಯುತ್ತಿತ್ತು. ಪರೀಕ್ಷೆಯ ಬಸ್ಸು ಓಡಿಸುತ್ತಿದ್ದ ಡ್ರೈವರು ದಪ್ಪ ಮೀಸೆಯ, ಮೆತ್ತನೆ ಮಾತಿನ ಮನುಷ್ಯ. “ಇಷ್ಟು ವರ್ಷ ಬ್ರೇಕ್ ತುಳಿ ಅಂತ ಸಂಬಳ ಕೊಟ್ರು, ಈಗ ತುಳೀಬೇಡ ಅಂತ ಕೊಡ್ತಾರೆ. ಕಾಲನ್ನ ಎಲ್ಲಿ ಇಟ್ಕೊಳ್ಳೋದು ಅನ್ನೋದೇ ದೊಡ್ಡ ಕಷ್ಟ ಅಕ್ಕಾ,” ಎನ್ನುತ್ತಿದ್ದ. ಯೋಜನೆಯ ಮುಖ್ಯಸ್ಥ ಸಾಹೇಬರಿಗೆ ‘ಶೇಕಡಾ ನೂರು’ ಎಂದು ಅಡ್ಡಹೆಸರಿಟ್ಟವನೂ ಅವನೇ. ಯಾರು ಏನು ಕೇಳಿದರೂ ಸಾಹೇಬರ ಬಾಯಿಂದ ಬರುತ್ತಿದ್ದ ಉತ್ತರ ಅದೊಂದೇ.

ಯಂತ್ರ ಕೆಟ್ಟದ್ದೇನೂ ಆಗಿರಲಿಲ್ಲ. ದೊಡ್ಡಮ್ಮ ರಸ್ತೆಗಿಳಿದರೆ ಸೊಂಟದಲ್ಲಿ ಗುರ್ರೆನ್ನುತ್ತಿತ್ತು, ಬಸ್ಸು ವಿನಯದಿಂದ ನಿಲ್ಲುತ್ತಿತ್ತು. ಹುಟ್ಟಿದಾಗಿನಿಂದ ಯಾರೂ ಅವಳಿಗೆ ದಾರಿ ಬಿಟ್ಟವರಲ್ಲ. ಈಗ ಅಷ್ಟು ದೊಡ್ಡ ಬಸ್ಸು ದಿನವಿಡೀ ಅವಳೆದುರು ತಲೆ ತಗ್ಗಿಸಿ ನಿಲ್ಲತೊಡಗಿತು. ಇದು ಯಾರ ತಲೆಗೆ ತಾನೇ ಏರುವುದಿಲ್ಲ! ದೊಡ್ಡಮ್ಮನ ನಡಿಗೆ ಬದಲಾಯಿತು. ಕತ್ತು ನೆಟ್ಟಗಾಯಿತು. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂಗೈ ಎತ್ತಿ ಹಿಡಿದಳು. ದೊಡ್ಡಪ್ಪ ಏನಾಯಿತೆಂದು ತಿಳಿಯುವ ಮೊದಲೇ ಕಾಲು ಎಳೆದುಕೊಂಡುಬಿಟ್ಟರು. ಆಮೇಲೆ ಮೂರು ದಿನ ಅದನ್ನೇ ನೆನೆದು ಸಿಡುಕಿದರು.

ಪೇಟೆಯ ಬೀದಿಯಲ್ಲಿ ಮಾತ್ರ ಈ ಗತ್ತು ನಡೆಯಲಿಲ್ಲ. ಬೆಲ್ಟಿಲ್ಲದೆ, ಅಕ್ಕಪಕ್ಕ ನೋಡದೆ, ಮಹಾರಾಣಿಯಂತೆ ಇಳಿದವಳ ತರಕಾರಿ ಚೀಲಕ್ಕೆ ಸ್ಕೂಟರಿನವನೊಬ್ಬ ತಗುಲಿಸಿದ. ಟೊಮ್ಯಾಟೊ ರಸ್ತೆ ತುಂಬ ಉರುಳಿದವು.

“ಕಣ್ಣು ಕಾಣಲ್ವೇನಮ್ಮಾ?” ಎಂದು ಅವನು ಕಿರುಚಿದ.

“ನಿನ್ ಗಾಡಿಗೆ ಕಿವಿ ಇಲ್ವೇನೋ?” ಎಂದು ಇವಳೂ ಕಿರುಚಿದಳು. ಅವನಿಗೆ ಅರ್ಥವಾಗಲಿಲ್ಲ. ಹುಚ್ಚಿಯೆಂದುಕೊಂಡು ಹೋದ.

ಹೀಗಿರುವಾಗ ಉದ್ಘಾಟನೆಯ ದಿನ ಬಂತು. ಶಾಮಿಯಾನ, ಸೋಫಾ, ಟಿವಿಯವರು, ನೀರಿನ ಬಾಟಲಿಗಳ ರಾಶಿ. ಮಂತ್ರಿಗಳು ಹತ್ತು ಹನ್ನೆರಡು ಕಾರುಗಳ ಜೊತೆ ಬಂದಿಳಿದರು. ಆ ಸಾಲಿನಲ್ಲಿ ನೆತ್ತಿಯ ತುಂಬ ಕಡ್ಡಿ ಚುಚ್ಚಿಕೊಂಡಂಥ ಕಪ್ಪು ವ್ಯಾನೊಂದು ಶಾಮಿಯಾನದ ಪಕ್ಕದಲ್ಲೇ ನಿಂತಿತು. ದೊಡ್ಡಪ್ಪನೂ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು, ಸಿಕ್ಕವರಿಗೆಲ್ಲ “ದಾಟೋದು ನಮ್ಮ ಮನೆಯವ್ಳೇ” ಎಂದು ಹೇಳಿಕೊಂಡು ತಿರುಗುತ್ತಿದ್ದರು.

ಸೀಟಿ ಊದಿದರು. ಬಸ್ಸು ಹೊರಟಿತು. ದೊಡ್ಡಮ್ಮ ರಸ್ತೆಗಿಳಿದಳು. ನಾಲ್ಕು ಹೆಜ್ಜೆಗೆ ಬೆಲ್ಟು ಅದುರಬೇಕಿತ್ತು, ಅದುರಲಿಲ್ಲ. ಸಡಿಲವಾಗಿರಬೇಕೆಂದು ಬಿಗಿಮಾಡಿಕೊಂಡಳು. ಆಗಲೂ ಇಲ್ಲ. ರಸ್ತೆಯ ನಡುವೆ ನಿಂತು ಬಸ್ಸನ್ನು ನೋಡಿದಳು. ಅದು ವಿನಯವನ್ನೆಲ್ಲ ಮರೆತು ಬರುತ್ತಿತ್ತು. ಓಡೋಣವೆಂದರೆ ಓಡಲಾರಳೆಂಬ ಅರ್ಹತೆಯ ಮೇಲೇ ಕೆಲಸ ಸಿಕ್ಕಿದ್ದು.

ಡ್ರೈವರು ಪೆಟ್ಟಿಗೆ ಕೂಗುತ್ತದೆಂದು ಕಾದ. ಕೂಗಲಿಲ್ಲ. ಇನ್ನು ಕಾದರೆ ಕೆಟ್ಟೆನೆಂದು ಎರಡೂ ಕಾಲಿನಿಂದ ಬ್ರೇಕು ತುಳಿದ. ಟೈರು ಚೀರಿ, ಸುಟ್ಟ ವಾಸನೆ ಎದ್ದು, ಬಸ್ಸು ದೊಡ್ಡಮ್ಮನ ಮೂಗಿನ ಮುಂದೆ ನಿಂತಿತು.

ಶಾಮಿಯಾನದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮಂತ್ರಿಗಳು ಎದ್ದುನಿಂತು, “ಅದ್ಭುತ! ಕೊನೇ ಕ್ಷಣದಲ್ಲಿ ಹೇಗೆ ನಿಲ್ಲಿಸ್ತು ನೋಡಿ,” ಎಂದರು. ಶೇಕಡಾ ನೂರು ಸಾಹೇಬರು ಹಲ್ಲು ಕಿರಿದರು.

ಟಿವಿಯವಳು ಓಡಿಬಂದು ದೊಡ್ಡಮ್ಮನ ಬಾಯಿಗೆ ಮೈಕು ಹಿಡಿದಳು. “ಹೇಗನ್ನಿಸ್ತು ಅಮ್ಮಾ? ಬೆಲ್ಟು ಕೆಲಸ ಮಾಡ್ತಾ?”

ಕ್ಯಾಮೆರಾ ನೋಡುತ್ತಿತ್ತು. ಮಂತ್ರಿಗಳು ನೋಡುತ್ತಿದ್ದರು. ಬದುಕಿನಲ್ಲಿ ಮೊದಲ ಸಲ ದೊಡ್ಡಮ್ಮನ ಮುಖಕ್ಕೆ ಬೇರೆಯವರು ಬೆಳಕು ಹಿಡಿದಿದ್ದರು.

“ಮಾಡ್ದೇ ಇರುತ್ತಾ! ಇವತ್ತಂತೂ ದಿನಕ್ಕಿಂತ ಜೋರಾಗೇ ಅದುರ್ತು,” ಎಂದಳು. ಅದುರುತ್ತಿದ್ದದ್ದು ಅವಳ ಕಾಲು.

ಆ ದಿನವೆಲ್ಲ ಟಿವಿಯಲ್ಲಿ ಅದೇ ಮಾತು. ದೊಡ್ಡಪ್ಪ ನೆಂಟರಿಗೆಲ್ಲ ಫೋನು ಮಾಡಿ, ಟಿವಿ ಹಾಕಿಸಿ ಕೇಳಿಸಿದರು. ಸಂಜೆ ಮಹಡಿಯ ಹುಡುಗಿ ಸಪ್ಪೆ ಮುಖ ಹೊತ್ತು ಬಂದಳು.

“ಆಂಟೀ, ಬೆಲ್ಟು ಅದುರಿರೋಕೆ ಸಾಧ್ಯಾನೇ ಇಲ್ಲ. ಆ ಕಪ್ಪು ವ್ಯಾನ್ ಇತ್ತಲ್ಲ, ಅದು ಸುತ್ತಮುತ್ತಲಿನ ವೈರ್‌ಲೆಸ್ಸನ್ನೆಲ್ಲ ಕಟ್ಟಿ ಹಾಕಿಬಿಡುತ್ತೆ. ಮಂತ್ರಿಗಳ ಮೇಲೆ ಯಾರೂ ದೂರದಿಂದ ಬಾಂಬ್ ಸಿಡಿಸಬಾರದು ಅಂತ.”

“ಅಂದ್ರೆ ಅವರ ಜೀವ ಉಳಿಸೋ ಗಾಡಿ ನನ್ನ ಜೀವ ತೆಗೀತಿತ್ತು?”

“ಹೂಂ. ಆದ್ರೆ ಸಾಹೇಬ್ರು ಅದನ್ನ ಬರೆಯೋ ಹಾಗಿಲ್ಲ ಅಂದಿದಾರೆ. ಯಂತ್ರ ಕೆಲಸ ಮಾಡಿದೆ ಅಂತ ನೀವೇ ಹೇಳಿದ್ದೀರಂತೆ. ಡ್ರೈವರ್ ಬ್ರೇಕ್ ತುಳಿದಿದ್ದು ಬಸ್ಸಿನ ಪೆಟ್ಟಿಗೇಲಿ ದಾಖಲಾಗಿದೆ. ಅಪ್ಪಣೆ ಇಲ್ಲದೆ ಪರೀಕ್ಷೆಗೆ ಅಡ್ಡಿ ಮಾಡಿದ ಅಂತ ಅವನಿಗೆ ನೋಟಿಸ್ ಕೊಟ್ಟಿದ್ದಾರೆ.”

ದೊಡ್ಡಮ್ಮನ ಕೈಲಿದ್ದ ಟೀ ಲೋಟ ಕೈಯಲ್ಲೇ ಆರಿತು. ಉಳಿಸಿದವನ ಕೆಲಸಕ್ಕೆ ತನ್ನ ನಾಲಿಗೆಯೇ ಕುತ್ತು ತಂದಿತೆಂದು ಅವಳಿಗೆ ಆಗ ಹೊಳೆಯಿತು. ದೊಡ್ಡಪ್ಪ ಮಾತ್ರ, “ಈಗ ಹೋಗಿ ಸುಳ್ಳು ಅನ್ಬೇಡ ಮತ್ತೆ. ಎಲ್ರಿಗೂ ಫೋನ್ ಮಾಡಿದ್ದೀನಿ,” ಎಂದರು.

ಬೆಳಗಾಗುತ್ತಲೇ ಬೆಲ್ಟನ್ನು ಚೀಲದಲ್ಲಿಟ್ಟುಕೊಂಡು ದೊಡ್ಡಮ್ಮ ಕಚೇರಿಗೆ ಹೋದಳು. ಸಾಹೇಬರ ಕೋಣೆಯಲ್ಲಿ ಎಸಿ ಕೊರೆಯುತ್ತಿತ್ತು. ಡ್ರೈವರು ಟೋಪಿ ಕೈಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಹುಡುಗಿ ಲ್ಯಾಪ್‌ಟಾಪ್ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

“ನಾನು ಟಿವೀಲಿ ಸುಳ್ಳು ಹೇಳ್ದೆ ಸಾರ್. ಬೆಲ್ಟು ಅದುರ್ಲೇ ಇಲ್ಲ. ಇವನು ತುಳೀದೇ ಇದ್ದಿದ್ರೆ ನಾನು ಈ ಹೊತ್ತಿಗೆ ಫೋಟೋ ಆಗಿರ್ತಿದ್ದೆ.”

ಸಾಹೇಬರು ಕನಿಕರದಿಂದ ನಕ್ಕರು. “ನೋಡಿಯಮ್ಮಾ, ನಿಮ್ಮ ಮಾತು ವರದೀಲಿ ಸೇರಿದೆ. ವರದಿ ಮೇಲಕ್ಕೆ ಹೋಗಿದೆ. ಮಂತ್ರಿಗಳು ಅದನ್ನ ಭಾಷಣದಲ್ಲೂ ಹೇಳಿಯಾಯ್ತು. ಇನ್ನು ಅದು ಸುಳ್ಳಾಗೋಕೆ ಬರಲ್ಲ.”

“ಹೇಳಿದೋಳೇ ಸುಳ್ಳು ಅಂತಿದ್ದೀನಲ್ಲ?”

“ನಿಮಗೆ ವಯಸ್ಸಾಗಿದೆ. ಅದುರಿದ್ದು ಮರೆತು ಹೋಗಿರುತ್ತೆ.”

ದೊಡ್ಡಮ್ಮ ಬೆಲ್ಟು ತೆಗೆದು ಅವರ ಮೇಜಿನ ಮೇಲಿಟ್ಟಳು. “ಹಾಗಾದ್ರೆ ಬನ್ನಿ. ಆ ಕಪ್ಪು ವ್ಯಾನನ್ನೂ ಕರೆಸಿ. ಇವನು ಪೆಡಲ್ ಮುಟ್ಟಲ್ಲ, ಕಾಲು ಕಟ್ಟಿ ಹಾಕ್ತೀನಿ. ನೀವು ದಾಟಿ. ನಾನು ಚಪ್ಪಾಳೆ ಹೊಡೀತೀನಿ.”

ಸಾಹೇಬರು ನೀರು ಕುಡಿದರು. “ನನಗೆ ಮೀಟಿಂಗ್ ಇದೆ.”

“ದಾಟೋಕೆ ಎಷ್ಟು ಹೊತ್ತು ಬೇಕು? ನಾನಾದ್ರೆ ನಿಧಾನ. ನಿಮಗೆ ಮಂಡಿ ನೋವಿಲ್ವಲ್ಲ.”

“ಬೆಲ್ಟು... ಚಾರ್ಜ್ ಇರಲ್ಲ ಅನ್ಸುತ್ತೆ.”

ಹುಡುಗಿ ತಲೆಯೆತ್ತದೆ ಮೆಲ್ಲಗೆ ಹೇಳಿದಳು, “ಫುಲ್ ಇದೆ ಸಾರ್.”

ಗೋಡೆಯ ಕಡೆಯಿಂದ ಡ್ರೈವರು ಕಿಸಕ್ಕನೆ ನಕ್ಕ. ನಕ್ಕದ್ದಕ್ಕೆ ತಾನೇ ಹೆದರಿ ಟೋಪಿಯಿಂದ ಬಾಯಿ ಮುಚ್ಚಿಕೊಂಡ. ಸಾಹೇಬರು ಬೆಲ್ಟನ್ನೊಮ್ಮೆ ನೋಡಿ, ಎರಡು ಬೆರಳಿಂದ ಆಚೆ ತಳ್ಳಿ, “ಆಯ್ತು, ನೋಡೋಣ,” ಎಂದರು. ಅಂದು ಅವರ ಬಾಯಿಂದ ಶೇಕಡಾ ನೂರು ಬರಲಿಲ್ಲ.

ವಾರದೊಳಗೆ ಮೂರು ಆದೇಶಗಳು ಹೊರಬಿದ್ದವು. ಒಂದರಲ್ಲಿ ಡ್ರೈವರಿನ ತಪ್ಪನ್ನು ಮಾನವೀಯ ನೆಲೆಯಲ್ಲಿ ಮನ್ನಿಸಲಾಗಿತ್ತು. ಮನುಷ್ಯರೊಬ್ಬರನ್ನು ಕೊಲ್ಲದೆ ಬಿಟ್ಟದ್ದಕ್ಕೆ ಕ್ಷಮೆ ಪಡೆದವನು ಬಹುಶಃ ಇವನೊಬ್ಬನೇ. ಅವನನ್ನು ಪೆಟ್ಟಿಗೆಯಿಲ್ಲದ ಹಳೇ ಬಸ್ಸಿಗೆ ಹಾಕಿದರು. ಶಿಕ್ಷೆಯೆಂದುಕೊಂಡು ಹಾಕಿದರು, ಅವನು ಸಿಹಿ ಹಂಚಿದ. ಇನ್ನೊಂದು ಆದೇಶ ಊರಿನವರಿಗೆ: ಗಣ್ಯರು ಸಂಚರಿಸುವಾಗ ತಾಂತ್ರಿಕ ಕಾರಣಗಳಿಂದಾಗಿ ಯಾರೂ ರಸ್ತೆ ದಾಟತಕ್ಕದ್ದಲ್ಲ. ಯಂತ್ರವನ್ನು ಸರಿಪಡಿಸುವುದಕ್ಕಿಂತ ಮನುಷ್ಯರನ್ನು ನಿಲ್ಲಿಸುವುದು ಸುಲಭವೆಂದು ತಜ್ಞರು ಒಮ್ಮತದಿಂದ ಕಂಡುಕೊಂಡಿದ್ದರು.

ಮೂರನೆಯದು ದೊಡ್ಡಮ್ಮನಿಗೆ. ಪಾದಚಾರಿ ಪ್ರತಿನಿಧಿಯ ಹೇಳಿಕೆಗಳಲ್ಲಿ ಸ್ಥಿರತೆ ಇಲ್ಲದ್ದರಿಂದ ಆ ಹುದ್ದೆಗೆ ಚಕ್ರವಿರುವ ಪ್ಲಾಸ್ಟಿಕ್ ಬೊಂಬೆಯನ್ನು ನೇಮಿಸಲಾಗಿದೆ. ಬೊಂಬೆ ಓಡುವುದಿಲ್ಲ, ಅದಕ್ಕಿಂತ ಮುಖ್ಯವಾಗಿ ಟಿವಿಯವರ ಜೊತೆ ಮಾತಾಡುವುದಿಲ್ಲ.

ದೊಡ್ಡಮ್ಮ ಅತ್ತುಕೊಂಡು ಕೂರಲಿಲ್ಲ. ಎರಡು ದಿನ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೇ. ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಊರ ಹೊರಗಿನ ಆ ರಸ್ತೆಗೆ ಹೋದಳು. ಮಹಡಿಯ ಹುಡುಗಿ ಹಗ್ಗ ಹಿಡಿದು ಬೊಂಬೆಯನ್ನು ಎಳೆಯುತ್ತಿದ್ದಳು. ಹೊಸ ಡ್ರೈವರು ಕೈ ಕಟ್ಟಿ ಕೂತಿದ್ದ. ಬಸ್ಸು ಬಂದು ಬೊಂಬೆಯೆದುರು ಮರ್ಯಾದೆಯಿಂದ ನಿಂತಿತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, ಬೊಂಬೆ ಆಚೆ ಬದಿ ಮುಟ್ಟುವವರೆಗೂ ಕಣ್ಣು ಕಿರಿದುಮಾಡಿ ನೋಡಿದಳು.

“ನಡಿಗೆ ಸಾಲದು,” ಎಂದಳು. “ಸ್ವಲ್ಪ ಭಯ ಇರ್ಬೇಕು.”