ಸುಮ್ನ ಯಾಕ್ರೀ ರಿಸ್ಕ್?

ಬಿಪಿ ಮಾತ್ರೆ ಬಿಟ್ಟಿದ್ದಕ್ಕೇ ನಮ್ಮ ಬಾಡಿಗೆಯವನಿಗೆ ಲಕ್ವ ಹೊಡೆಯಿತು. ಬಾಗಲಗುಂಟೆಯ ನಮ್ಮ ವಠಾರದವರು ಕೆಟ್ಟ ದೃಷ್ಟಿ ಎಂದರು. ನಾನು ಒಪ್ಪಲಿಲ್ಲ.

ಬಿಜಾಪುರದ ಕಡೆಯವನು, ಪೀಣ್ಯದ ಕಾರ್ಖಾನೆಗೆ ಹೋಗುತ್ತಿದ್ದ, ನಾವು ಬಾಡಿಗೆಗೆ ಕೊಟ್ಟ ಮನೆಯಲ್ಲಿದ್ದ. ಅಷ್ಟು ಜೋಪಾನದ ಮನುಷ್ಯನನ್ನು ನಾನು ಕಂಡಿಲ್ಲ. ಬೀಗ ಹಾಕಿ ಜಗ್ಗಿ ನೋಡುತ್ತಿದ್ದ, ಗೇಟಿನಿಂದ ವಾಪಸು ಬಂದು ಮತ್ತೆ ಜಗ್ಗುತ್ತಿದ್ದ. ಚಹಾ ಕುದಿದರೆ ಸಾಕು, ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿಡುತ್ತಿದ್ದ. ಕೇಳಿದರೆ, "ಸುಮ್ನ ಯಾಕ್ರೀ ರಿಸ್ಕ್?" ಎನ್ನುತ್ತಿದ್ದ.

ಒಂದು ದಿನ ಮಾತ್ರೆಯನ್ನೂ ಬಿಟ್ಟ.

"ದಿನಾ ಗುಳಿಗಿ ತಗೊಂಡ್ರ ಕಿಡ್ನಿ ಹೋಗ್ತಾವಂತ್ರೀ ಅಮ್ಮಾರ. ಸುಮ್ನ ಯಾಕ್ರೀ ರಿಸ್ಕ್?"

"ನಿಮ್ಮಪ್ಪನಿಗೂ ಬಿಪಿ ಇತ್ತಾ?"

"ಇತ್ರೀ. ಅವ ಒಂದ್ ಗುಳಿಗೀನೂ ಮುಟ್ಟಲಿಲ್ಲ."

"ಕೊನೆಗೆ ಏನಾಯ್ತಪ್ಪಾ?"

"ಲಕ್ವಾ ಹೊಡೀತ್ರೀ" ಎಂದವನೇ, ರೆಗ್ಯುಲೇಟರ್ ಬಿಚ್ಚಿದ್ದೇನೆಯೋ ಇಲ್ಲವೋ ಎಂದು ನೋಡಲು ಒಳಗೆ ಹೋದ.

ಎಲ್ಲವನ್ನೂ ಎರಡೆರಡು ಸಲ ನೋಡುವವನು ಇದನ್ನು ಮಾತ್ರ ಒಂದೇ ಕಡೆಯಿಂದ ಯಾಕೆ ನೋಡಿದನೋ, ನನಗಿನ್ನೂ ತಿಳಿದಿಲ್ಲ.

ಆಗ ನನ್ನ ಕಣ್ಣಿನ ಪೊರೆಗೆ ಆಪರೇಷನ್ ಹೇಳಿದ್ದರು. ಕಣ್ಣೇ ಹೋಗಿಬಿಟ್ಟರೆ ಎಂದು ನಾನು ಮುಂದೂಡುತ್ತಿದ್ದೆ. ಲಕ್ವ ಹೊಡೆದ ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದ ಮರುದಿನ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಮುಂದೆ ಕೂತೆ.

"ಮಾಡಿಸ್ಕೊಂಡ್ರೆ ಏನಾಗ್ಬೋದು ಅಂತ ಹೇಳಿದ್ರಿ. ಬಿಟ್ರೆ ಏನಾಯ್ತದೆ, ಅದನ್ನೂ ಹೇಳಿ ಸಾರ್" ಎಂದೆ.