ಬೋರ್ಡಿಗೆ ನಾಲ್ಕು ಕಾಲು

ಹುಮನಾಬಾದಿನಲ್ಲಿ ನನ್ನ ಸೋದರಮಾವನದು ಮೋಟಾರ್ ಸ್ಟಾರ್ಟರ್, ಇನ್ವರ್ಟರ್ ರಿಪೇರಿ ಅಂಗಡಿ. ಅವುಗಳೊಳಗಿನ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವುದನ್ನು ನಾನು ಕಲಿತದ್ದು ಅಲ್ಲೇ. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ಮೇಲೆ ಅತ್ತೆ ಒಂದೇ ಮಾತು ಹೇಳಿದರು: ಸೊಸೆ ದಿನಾ ಬಸ್ ಹತ್ತುವುದು ಬೇಡ. ಗಂಡ ಅತ್ತ ಹೋದಾಗ ಕೆಟ್ಟ ಬೋರ್ಡುಗಳನ್ನು ಚೀಲದಲ್ಲಿ ತರುತ್ತಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿದ ಕಟ್ಟೆಯ ಮೇಲೇ ಅವನ್ನಿಟ್ಟು ಸರಿಮಾಡುತ್ತಿದ್ದೆ. ಕಿಟಕಿಯಿಲ್ಲದ ಕೋಣೆ. ಒಗ್ಗರಣೆಯ ಹೊಗೆ, ಬೆಸುಗೆಯ ಹೊಗೆ ಎರಡೂ ನನ್ನ ಗಂಟಲಿಗೇ. ಕೆಲವು ಮಧ್ಯಾಹ್ನ ಬಾಗಿಲು ಒದ್ದು ಓಡಬೇಕೆನಿಸುತ್ತಿತ್ತು.

ಒಂದು ದಿನ ಕರೆಂಟ್ ಕೊಟ್ಟು ನೋಡುವಾಗ ಬೋರ್ಡು ಚಟ್ಟನೆ ಸುಟ್ಟಿತು. ಕಟ್ಟೆಯ ಮೇಲೆ ಬಿದ್ದಿದ್ದ ತಂತಿಚೂರು ಅದರ ಅಡಿಯ ಬೆಸುಗೆಗೆ ತಾಗಿತ್ತು. ಸೋದರಮಾವ ಫೋನಿನಲ್ಲಿ ಬೈಯಲಿಲ್ಲ. ಇದು ಮನೆಯಲ್ಲಾಗುವ ಕೆಲಸವಲ್ಲ, ಭಾನುವಾರ ಬಂದು ನಿಮ್ಮ ಅತ್ತೆಯನ್ನು ಒಪ್ಪಿಸುತ್ತೇನೆ, ಅಂಗಡಿಗೇ ಬಾ ಎಂದರು. ಫೋನಿಟ್ಟು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ನನ್ನ ಹಾಳು ಜಂಬ ಬಿಡಬೇಕಲ್ಲ! ನನ್ನ ಕೈಯಲ್ಲಿ ಬೋರ್ಡು ಸುಡುವುದೆಂದರೇನು? ಉಳಿದಿದ್ದ ಇನ್ನೊಂದು ಬೋರ್ಡು ಕಟ್ಟೆಗೆ ತಾಗದೆ ಎತ್ತರದಲ್ಲಿ ನಿಲ್ಲುವಂತೆ ಅದಕ್ಕೆ ರಬ್ಬರಿನ ಕಾಲು ಮಾಡಲು ಕೂತೆ. ಚಪ್ಪಲಿ ಒಳಗೆ ತಂದರೆ ಅತ್ತೆ ಬಿಡುವುದುಂಟೇ; ಗಂಡನ ಹರಿದ ಹವಾಯಿ ಚಪ್ಪಲಿಯನ್ನು ಅಂಗಳದಲ್ಲೇ ತೊಳೆದು, ಅಟ್ಟೆಯನ್ನು ತುಂಡು ಮಾಡಿದೆ. ಕಾಯಿಸಿದ ದಬ್ಬಣದಿಂದ ತೂತು ಹಾಕಿ, ಬೋರ್ಡಿನ ಮೂಲೆಮೂಲೆಗೂ ಸ್ಕ್ರೂ ಇಳಿಸಿದೆ. ಸ್ಕ್ರೂವಿನ ತುದಿ ರಬ್ಬರಿನೊಳಗೇ ಉಳಿಯಬೇಕು, ಕೆಳಗೆ ಇಣುಕಬಾರದು. ಆದರೂ ಬೋರ್ಡು ಕುಂಟಿತು. ಒಂದು ತುಂಡು ಹಿಮ್ಮಡಿ ಸವೆದ ಕಡೆಯದಾಗಿತ್ತು. ಅದನ್ನು ಬಿಚ್ಚಿ ಬೇರೆ ಹಾಕಿದ ಮೇಲೆ ನೆಟ್ಟಗೆ ನಿಂತಿತು.

ಭಾನುವಾರ ಮಾವ ಬಂದರು. ಚಹಾ ಕುಡಿಯುತ್ತ ಬೋರ್ಡನ್ನು ಬೆರಳಿನಿಂದ ಒತ್ತಿ ನೋಡಿದರು. ಅಲುಗಲಿಲ್ಲ. ಕರೆಂಟ್ ಕೊಟ್ಟರು, ದೀಪ ಹತ್ತಿತು. ಅವರ ಮುಖ ಅರಳಿದ್ದು ನೋಡಿ ನನಗೂ ಹಿಗ್ಗು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ಅಕ್ಕಾರ, ಇನ್ನ ಈಕಿ ಅಂಗಡಿಗಿ ಬರೋ ಜರೂರತ್ ಇಲ್ರಿ. ಮನ್ಯಾಗೇ ಕೆಲಸ ಛಲೋ ಆಗ್ತದ."

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಮಾವನನ್ನು ಕಣ್ಣಿನಲ್ಲೇ ಸುಟ್ಟೆ. ಅವರಿಗೆ ಏನೂ ಹೊಳೆಯಲಿಲ್ಲ. ಅಂಗಡಿಯ ಉಳಿದ ಬೋರ್ಡುಗಳಿಗೂ ಇಂಥವೇ ಕಾಲು ಮಾಡಿಕೊಡು ಎಂದು ಹೇಳಿ, ಖುಷಿಯಿಂದಲೇ ಬಸ್ಸಿಗೆ ಹೋದರು.

ಹಳೆಯ ಅಟ್ಟೆ ಅಷ್ಟಕ್ಕೆ ಸಾಲುತ್ತಿರಲಿಲ್ಲ. ಸಂಜೆ ಅತ್ತೆ ತಾವೇ ಬಾಗಿಲ ಬದಿಯಿಂದ ಒಂದು ಜೋಡಿ ಚಪ್ಪಲಿ ಎತ್ತಿಕೊಂಡು, ಎಂದೂ ಇಲ್ಲದ್ದು, ಅಡುಗೆಮನೆಯೊಳಗೇ ಬಂದರು. ಮದುವೆಯಲ್ಲಿ ತವರಿನವರು ಕೊಡಿಸಿದ ನನ್ನ ಚಪ್ಪಲಿ.

"ಇವು ಒಂಚೂರೂ ಸವದಿಲ್ಲ ನೋಡು, ಕಾಲು ಸಮ ಬರ್ತಾವ," ಎಂದರು ಪ್ರೀತಿಯಿಂದಲೇ. "ನೀ ಹ್ಯಾಂಗೂ ಎಲ್ಲಿ ಹೊಂಟಿ?"

ನಾನು ಚಾಕು ಮುಟ್ಟಲಿಲ್ಲ. ಚಪ್ಪಲಿ ಇಸಿದುಕೊಂಡು ಹೋಗಿ, ಬಾಗಿಲ ಬದಿಯಲ್ಲಿ ಮೊದಲಿದ್ದಲ್ಲೇ ಇಟ್ಟು ಬಂದೆ.