ಜೆ.ಪಿ. ನಗರದ ಪಾರ್ಕಿನಲ್ಲಿ ಒಂದು ಕ್ಯಾಂಟರ್ ರಾಗಿ ಹುಲ್ಲು

ಕೋವಿಡ್ ಮುಗಿದು ಪಾರ್ಕುಗಳ ಗೇಟು ಮತ್ತೆ ಪೂರ್ತಿಯಾಗಿ ತೆರೆದ ಮೇಲಿನ ಮೊದಲ ಬೇಸಿಗೆ. ನಾನಾಗ ಬೆಂಗಳೂರು ದಕ್ಷಿಣದ ಸರ್ಕಾರಿ ಪಾರ್ಕುಗಳ ಉಸ್ತುವಾರಿ ನೋಡಿಕೊಳ್ಳುವ ತೋಟಗಾರಿಕೆ ಅಧಿಕಾರಿ. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಚಿಕ್ಕ ದೊಡ್ಡ ಪಾರ್ಕುಗಳೆಲ್ಲ ನನ್ನ ಪಾಲಿಗಿದ್ದವು. ನಿವೃತ್ತಿಗೆ ಹೆಚ್ಚು ಸಮಯ ಉಳಿದಿರಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ದೊಡ್ಡ ದೊಡ್ಡ ಯೋಜನೆಗಳನ್ನು ನೋಡಿದ್ದೇನೆ, ಅವುಗಳ ಉದ್ಘಾಟನೆಯ ಕಲ್ಲುಗಳ ಮೇಲೆ ನನ್ನ ಹೆಸರೂ ಎಲ್ಲೋ ಕೆಳಗೆ ಸಣ್ಣದಾಗಿ ಕೆತ್ತಿದೆ. ಆದರೆ ಮನಸ್ಸು ಹೋಗಿ ನಿಲ್ಲುವುದು ಜರಗನಹಳ್ಳಿಗೆ ಹತ್ತಿರದ ಒಂದು ಸಾಧಾರಣ ಪಾರ್ಕಿನ, ಗುಂಡಗಿನ ಒಂದು ಹೂವಿನ ಮಡಿಯ ಹತ್ತಿರ.

ಆ ಮಡಿಯಲ್ಲಿ ಏನು ನೆಟ್ಟರೂ ಬದುಕುತ್ತಿರಲಿಲ್ಲ. ಇಕ್ಸೋರಾ ಹಾಕಿದೆವು, ಒಣಗಿತು. ಕನಕಾಂಬರ ಹಾಕಿದೆವು, ಎರಡು ತಿಂಗಳು ಹೂ ಬಿಟ್ಟಂತೆ ಮಾಡಿ ಅದೂ ಬಾಡಿತು. ಪಾರ್ಕಿನ ಬೋರ್‌ವೆಲ್ ಆ ವರ್ಷ ಕೈಕೊಟ್ಟಿದ್ದರಿಂದ ಶುದ್ಧೀಕರಿಸಿದ ನೀರನ್ನು ಟ್ಯಾಂಕರಿನಲ್ಲಿ ತರಿಸುತ್ತಿದ್ದೆವು. ಅದು ವಾರಕ್ಕೆ ಎರಡು ಸಲ ಬಂದರೆ ಹೆಚ್ಚು. ಬಡಾವಣೆಯ ಸಂಘದವರು ಬೇಸತ್ತು ಒಂದು ಅರ್ಜಿ ಕೊಟ್ಟರು: ಮಡಿ ತೆಗೆದು ಸಿಮೆಂಟ್ ಹಾಕಿ, ಹೊರಾಂಗಣ ಜಿಮ್ಮಿನ ಸಲಕರಣೆ ಇಟ್ಟುಬಿಡಿ. ಮೇಲಿನವರಿಗೂ ಅದು ಸುಲಭವಾಗಿ ಕಂಡಿತು. ನನಗೆ ಮಾತ್ರ ಒಂದು ಬೇಸಿಗೆಯ ಮಟ್ಟಿಗೆ ಇನ್ನೊಂದು ಪ್ರಯತ್ನ ಮಾಡಬೇಕೆನಿಸಿತು. ಒಪ್ಪಿಗೆ ಕೇಳಿ ಪಡೆದೆ. ಇದು ಕೊನೆಯದು ಎಂದು ಸ್ಪಷ್ಟವಾಗಿ ಹೇಳಿಯೇ ಕೊಟ್ಟರು.

ಮೊದಲು ಮಣ್ಣು ನೋಡೋಣವೆಂದು ಮಾಲಿ ಲಕ್ಷ್ಮಮ್ಮನ ಜೊತೆ ಒಂದು ಬೆಳಿಗ್ಗೆ ಅಲ್ಲಿಗೆ ಹೋದೆ. ಲಕ್ಷ್ಮಮ್ಮ ಹಾರೆ ಹಾಕಿದಳು. ಒಂದು ಅಡಿ ಸರಾಗವಾಗಿ ಇಳಿಯಿತು, ಆಮೇಲೆ ಕಲ್ಲಿಗೆ ತಾಗಿದಂತೆ ಟಣ್ ಎಂದಿತು. ಇನ್ನೊಂದು ಕಡೆ ಹಾಕಿದಳು, ಅಲ್ಲೂ ಅದೇ. ಎದುರಿನ ಕಲ್ಲುಬೆಂಚಿನ ಮೇಲೆ ಬಿಳಿ ಪಂಚೆ, ತುಂಬುತೋಳಿನ ಅಂಗಿ ತೊಟ್ಟು ಕೂತಿದ್ದ ಹಿರಿಯರೊಬ್ಬರು ಎದ್ದು ಬಂದರು.

"ಅಲ್ಲಿ ಇಳಿಯಲ್ಲ ಮೇಡಂ," ಎಂದರು. "ನಮ್ಮಪ್ಪ ಗುಂಡು ಹೊಡೆದಿರೋ ನೆಲ ಅದು."

ಅವರ ಹೆಸರು ಹನುಮಂತಪ್ಪ. ಜರಗನಹಳ್ಳಿಯ ಹಳೆಯ ಜಮೀನುದಾರರ ಮನೆಯವರು. ಬಡಾವಣೆ ಆಗುವ ಮೊದಲು ಇಲ್ಲೆಲ್ಲ ಅವರ ರಾಗಿ ಹೊಲ. ಪಾರ್ಕಿನ ಈ ಭಾಗ ಅವರ ಕಣ. ಕೊಯ್ದ ರಾಗಿ ತೆನೆಯನ್ನು ಹರಡಿ, ನಡುವೆ ನೆಟ್ಟ ಮೇಟಿ ಎಂಬ ಕಂಬದ ಸುತ್ತ ಎತ್ತುಗಳನ್ನು ತಿರುಗಿಸಿ, ಕಲ್ಲಿನ ಗುಂಡು ಎಳೆಸಿ ಕಾಳು ಬಿಡಿಸುವ ಜಾಗ. ಪ್ರತಿ ಸುಗ್ಗಿಗೂ ಮುನ್ನ ನೀರು ಚಿಮುಕಿಸಿ, ಗುಂಡು ಹೊಡೆದು, ಸಗಣಿ ಸಾರಿಸಿ ನೆಲವನ್ನು ಬಿಗಿ ಮಾಡುತ್ತಿದ್ದರಂತೆ. ನಮ್ಮ ಗಿಡಗಳ ಬೇರನ್ನು ತಡೆದದ್ದು ಅದೇ ಪದರವೋ, ಬಡಾವಣೆ ಮಾಡಿದಾಗ ಓಡಾಡಿದ ರೋಲರೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಹಾರೆಯ ಬಾಯಲ್ಲಿ ಬಂದ ಆ ಮಣ್ಣಿನ ಹೆಂಟೆಯನ್ನು ಅವರು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದ ರೀತಿ ನೋಡಿದ ಮೇಲೆ ನಾನು ವಾದಕ್ಕೆ ಹೋಗಲಿಲ್ಲ.

ಪರಿಹಾರ ಏನೆಂದು ನನಗೆ ಗೊತ್ತಿತ್ತು. ಗಟ್ಟಿ ಪದರದಲ್ಲಿ ಅಲ್ಲಲ್ಲಿ ಹಾರೆಯಿಂದ ತೂತು ಮಾಡಿ ಗೊಬ್ಬರ ತುಂಬಬೇಕು. ಮೇಲೆ ದಪ್ಪನೆಯ ಹೊದಿಕೆ ಹಾಸಬೇಕು, ಅಂದರೆ ಮಲ್ಚಿಂಗ್. ಹೊದಿಕೆಯ ಕೆಳಗೆ ತೇವ ನಿಲ್ಲುತ್ತದೆ, ತೇವ ನಿಂತರೆ ಎರೆಹುಳು ಬರುತ್ತದೆ, ಮಿಕ್ಕ ಕೆಲಸ ಹುಳು ಮಾಡುತ್ತದೆ. ತರಗೆಲೆ ಹಾಸಿದರೆ ಕಸ ಗುಡಿಸಿಲ್ಲ ಎಂದು ಸಂಘದವರು ಫೋನು ಮಾಡುತ್ತಿದ್ದರು. ಮರದ ಚಕ್ಕೆ ಬೇಕೆಂದರೆ ಖರೀದಿಯ ದಾರಿ ಹಿಡಿದು ಅದು ಬರುವಷ್ಟರಲ್ಲಿ ಮಳೆಗಾಲ. ಹುಲ್ಲು ಆದೀತು.

ಎಷ್ಟು ಹುಲ್ಲು? ಗುಂಡಗಿನ ಮಡಿಯ ಲೆಕ್ಕ ಕಷ್ಟದ್ದಲ್ಲ. ಅಂಚಿನಿಂದ ಅಂಚಿಗೆ, ನಡುಮಧ್ಯ ಹಾಯುವಂತೆ ಟೇಪು ಹಿಡಿದೆವು: ಹದಿನೆಂಟು ಅಡಿ. ಅದರ ಅರ್ಧ ಒಂಬತ್ತು, ಅದು ತ್ರಿಜ್ಯ. ಒಂಬತ್ತನ್ನು ಒಂಬತ್ತರಿಂದ ಗುಣಿಸಿ, ಮತ್ತೆ 3.14ರಿಂದ ಗುಣಿಸಿದರೆ ಸುಮಾರು 254 ಚದರ ಅಡಿ. ಹೊದಿಕೆ ಮೂರು ಅಂಗುಲ ಇರಬೇಕು. ಆದರೆ ಹುಲ್ಲು ಮರದ ಚಕ್ಕೆಯಂತಲ್ಲ, ಕೂತು ಅರ್ಧವಾಗುತ್ತದೆ, ಹಾಗಾಗಿ ಹಾಸುವಾಗ ಆರು ಅಂಗುಲ. ಆರು ಅಂಗುಲವೆಂದರೆ ಅರ್ಧ ಅಡಿ. ಎಲ್ಲ ಸೇರಿ 127 ಘನ ಅಡಿ. ಒಂದು ಗೂಡ್ಸ್ ಆಟೋದ ತುಂಬ ಹೇರಿದರೆ ಸರಿಹೋಗುತ್ತದೆ.

"ಇಲ್ಲಿ ಹತ್ತಿರದಲ್ಲಿ ರಾಗಿ ಹುಲ್ಲು ಎಲ್ಲಿ ಸಿಗುತ್ತೆ ಸಾರ್?" ಎಂದು ಹನುಮಂತಪ್ಪನವರನ್ನೇ ಕೇಳಿದೆ.

ಅವರು ಬೆಂಚಿಗೆ ಹಿಂದಿರುಗಿ ಕೂತು, "ಸುಬ್ರಹ್ಮಣ್ಯಪುರದಲ್ಲಿ ಮುನಿರಾಜು ಅಂತ ಇದಾನೆ. ಇನ್ನೂ ಹಸು ಕಟ್ಟಿದಾನೆ. ಕನಕಪುರದ ಕಡೆಯಿಂದ ಹುಲ್ಲು ತರಿಸ್ತಾನೆ. ನನ್ನ ಹೆಸ್ರು ಮಾತ್ರ ಹೇಳ್ಬೇಡಿ," ಎಂದರು.

"ಯಾಕೆ?"

"ನನ್ನ ತಮ್ಮ ಅವನು."

ಅವರೇ ಹೇಳಿದ ಕಥೆ ಚಿಕ್ಕದು. ತಾಯಿ ತೀರಿಕೊಂಡ ಮೇಲೆ ಜರಗನಹಳ್ಳಿಯ ಹಳೆಯ ಮನೆಯನ್ನು ಹನುಮಂತಪ್ಪನವರು ಕೆಡವಿಸಿ ಬಾಡಿಗೆ ಮನೆಗಳನ್ನು ಕಟ್ಟಿಸಿದರು. "ವರ್ಷದ ತಿಥಿ ಆಗೋವರೆಗಾದ್ರೂ ಇರ್ಲಿ ಅಣ್ಣ ಅಂದ. ಕಂಟ್ರಾಕ್ಟರ್ ಸಿಕ್ಕಿದ್ದ, ನಾನು ಕೇಳ್ಲಿಲ್ಲ. ತಿಥಿಗೆ ಬಂದವನು ಆ ಪಿಲ್ಲರ್‌ಗಳ ನಡುವೆ ನಿಂತು ಊಟಾನೂ ಮಾಡ್ದೆ ಹೋದ." ಆಮೇಲೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಮದುವೆ ಮನೆಗಳಲ್ಲಿ ಕಂಡರೂ ಬೇರೆ ಬೇರೆ ಪಂಕ್ತಿ. ಮುನಿರಾಜು ಮಾತಿಗೆ ಸಿಗದಿದ್ದರೂ ಜಾಗವಾದರೂ ಸಿಗಲೆಂದೋ ಏನೋ, ಅವರಿಬ್ಬರೂ ಆಡಿ ಬೆಳೆದ ಈ ಜಾಗಕ್ಕೆ ಹನುಮಂತಪ್ಪನವರು ದಿನವೂ ಬಂದು ಕೂರುತ್ತಿದ್ದರು. ವಾಕಿಂಗ್ ಮಾಡುತ್ತಿರಲಿಲ್ಲ, ಪೇಪರು ಓದುತ್ತಿರಲಿಲ್ಲ. ಒಣಗಿದ ಮಡಿಯ ಕಡೆ ನೋಡುತ್ತ ಕೂರುತ್ತಿದ್ದರು.

ನಾನು ಸುಬ್ರಹ್ಮಣ್ಯಪುರಕ್ಕೆ ಹೋದೆ. ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ಒಂದು ಶೀಟಿನ ಕೊಟ್ಟಿಗೆ, ನಾಲ್ಕೈದು ಹಸು. ಮುನಿರಾಜು ಅವರ ಮುಖದಲ್ಲಿ ಅಣ್ಣನ ಹೋಲಿಕೆ ಢಾಳಾಗಿತ್ತು, ಮಾತು ಮಾತ್ರ ಚುರುಕು. ಹಸುಗಳ ಮುಂದೆ ಹುಲ್ಲು ಉದುರಿಸುತ್ತಲೇ ನನ್ನ ಲೆಕ್ಕ ಕೇಳಿಸಿಕೊಂಡರು.

"ಒಂದು ಗೂಡ್ಸ್ ಆಟೋ ಹುಲ್ಲು ತಾನೇ? ಕೊಡೋಣ ಬಿಡಿ ಮೇಡಂ. ಯಾವ ಪಾರ್ಕು?"

ಹೇಳಿದೆ. ಹುಲ್ಲು ಹಿಡಿದ ಕೈ ಅಲ್ಲೇ ನಿಂತಿತು. ಹಸುವೊಂದು ಕತ್ತು ಚಾಚಿ ಅವರ ಕೈಯಿಂದಲೇ ಎಳೆದುಕೊಂಡಿತು.

"ಗೇಟಿಂದ ಒಳಗೆ ಹೋದ್ರೆ ಎಡಕ್ಕೆ, ಗುಂಡಕ್ಕಿದೆಯಲ್ಲ, ಅದಾ?"

"ಹೌದು, ಅದೇ."

"ಅಲ್ಲಿ ಬೆಂಚ್ ಮೇಲೆ ಯಾರಾದ್ರೂ ಕೂತಿರ್ತಾರಾ?"

ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. "ಪಾರ್ಕು ಅಂದ್ಮೇಲೆ ಬೆಂಚಲ್ಲಿ ಯಾರಾದ್ರೂ ಕೂತೇ ಇರ್ತಾರೆ," ಎಂದೆ. ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, "ಭಾನುವಾರ ಬೆಳಿಗ್ಗೆ ತರ್ತೀನಿ," ಎಂದಷ್ಟೇ ಹೇಳಿದರು.

ಭಾನುವಾರ ಪಾರ್ಕಿನ ಗೇಟಿಗೆ ಬಂದದ್ದು ಗೂಡ್ಸ್ ಆಟೋ ಅಲ್ಲ. ಒಂದು ಕ್ಯಾಂಟರ್ ಲಾರಿ, ತಲೆ ಮೀರಿ ಹೇರಿದ ಹುಲ್ಲು, ಬೀದಿಬದಿಯ ಹೊಂಗೆ ಕೊಂಬೆಗಳಿಗೆ ತಗುಲಿ ಎಳೆಗಳು ನೇತಾಡುತ್ತಿದ್ದವು. ಮುನಿರಾಜು ಡ್ರೈವರ್ ಪಕ್ಕದಿಂದ ಇಳಿದರು.

"ಇದೇನಿದು? ನಾನು ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಇದೆಯಲ್ಲ!" ಎಂದೆ.

"ನೀವು ಹದಿನೆಂಟು ಅಡಿ ಅಂದ್ರಿ ಮೇಡಂ. ನಮ್ಮ ಕಣ ಹದಿನೆಂಟು ಅಡಿ ಇರ್ಲಿಲ್ಲ. ಮೂವತ್ತಾರಿತ್ತು."

ಅವರ ಲೆಕ್ಕ ತಪ್ಪಿರಲಿಲ್ಲ. ವೃತ್ತದ ಅಡ್ಡಳತೆ ಎರಡರಷ್ಟಾದರೆ ಬೇಕಾಗುವ ಹುಲ್ಲು ಎರಡರಷ್ಟಲ್ಲ, ನಾಲ್ಕರಷ್ಟು. ನಾನು ಅಳೆದದ್ದು ಇಟ್ಟಿಗೆ ಅಂಚಿನ ನಮ್ಮ ಮಡಿಯನ್ನು. ಅವರು ಅಳೆದದ್ದು ಮನಸ್ಸಿನಲ್ಲಿ ಉಳಿದಿದ್ದ ಕಣವನ್ನು. ಅದು ಮಡಿಯನ್ನು ದಾಟಿ, ವಾಕಿಂಗ್ ಟ್ರ್ಯಾಕನ್ನೂ ದಾಟಿ, ಬೆಂಚಿನವರೆಗೂ ಹರಡಿತ್ತು.

ಬೆಂಚಿನ ಮೇಲೆ ಹನುಮಂತಪ್ಪ ಕೂತಿದ್ದರು. ತಮ್ಮನನ್ನು ನೋಡಿ ಎದ್ದು ನಿಂತರು, ಆದರೆ ಮುಂದೆ ಬರಲಿಲ್ಲ. ಮುನಿರಾಜು ಅತ್ತ ತಿರುಗಲೂ ಇಲ್ಲ. ಹುಲ್ಲು ಇಳಿಸತೊಡಗಿದರು. ಅಷ್ಟರಲ್ಲಿ ನಾವು ತೂತುಗಳಿಗೆ ಗೊಬ್ಬರ ತುಂಬಿ ಹೊಸ ಕನಕಾಂಬರದ ಸಸಿ ನೆಟ್ಟಿದ್ದೆವು; ಹುಲ್ಲನ್ನು ಗುಂಡಗೆ ಸಮವಾಗಿ ಹಾಸಲು ಮಡಿಯ ನಡುವೆ ಒಂದು ಗೂಟ ನೆಟ್ಟು ಹಗ್ಗ ಕಟ್ಟಿದ್ದೆವು. ಮುನಿರಾಜು ಅದನ್ನು ನೋಡಿ ನನಗೆ ಹೇಳಿದರು, "ಗೂಟ ಇಲ್ಲಲ್ಲ ಮೇಡಂ. ಮೇಟಿ ಇದ್ದಿದ್ದು ಇನ್ನೂ ಆಚೆ, ಗೇಟಿನ ಕಡೆ."

"ಇಲ್ಲ," ಎಂದಿತು ಹಿಂದಿನಿಂದ ಒಂದು ದನಿ. "ಆಗಿದ್ದ ಬಾವಿ ಕಡೆ ಇತ್ತು ಮೇಟಿ."

"ಬಾವಿ ಕಡೆ ಹೆಂಗಿರುತ್ತೆ? ಎತ್ತು ತಿರುಗೋವಾಗ ಬಾವಿ ಕಟ್ಟೆಗೆ ತಾಗಲ್ವಾ?"

"ತಾಗ್ತಿತ್ತು. ಬೂದಿ ಎತ್ತು ಒಂದ್ಸಲ ತಾಗಿಸ್ಕೊಂಡು ಕೊಂಬು ಮುರ್ಕೊಳ್ತು. ನೀನಾಗ ಚಿಕ್ಕೋನು, ನಿಂಗೆಲ್ಲಿ ನೆನಪಿರುತ್ತೆ?"

"ಕೊಂಬು ಮುರಿದಿದ್ದು ಹೊಲದಲ್ಲಿ ಅಣ್ಣ, ಕಣದಲ್ಲಲ್ಲ!"

ಅಣ್ಣ ಎಂಬ ಆ ಮಾತು ಬಾಯಿಂದ ಬಿದ್ದೇಬಿಟ್ಟಿತ್ತು. ಎಷ್ಟೋ ವರ್ಷಗಳ ನಂತರ ಅವರು ಆಡಿದ ಮೊದಲ ಮಾತು, ಇಲ್ಲದ ಕಂಬವೊಂದು ಎಲ್ಲಿತ್ತೆಂಬ ಜಗಳ. ಲಕ್ಷ್ಮಮ್ಮ ನನ್ನ ಮುಖ ನೋಡಿದಳು. ನಾನು ಹಗ್ಗದ ತುದಿಯನ್ನು ಹನುಮಂತಪ್ಪನವರ ಕೈಗೆ ಕೊಟ್ಟು, "ನೀವಿಬ್ರೂ ಸೇರಿ ತೀರ್ಮಾನ ಮಾಡಿ," ಎಂದೆ.

ಗೂಟ ಎರಡು ಸಲ ಜಾಗ ಬದಲಾಯಿಸಿತು. ಕೊನೆಗೆ ಇಬ್ಬರಿಗೂ ಪೂರ್ತಿ ಒಪ್ಪಿಗೆಯಾಗದ ಒಂದು ನಡುವಿನ ಜಾಗದಲ್ಲಿ ನಿಂತಿತು. ಹುಲ್ಲು ಮಡಿಯನ್ನು ತುಂಬಿ, ಇಟ್ಟಿಗೆ ಅಂಚು ದಾಟಿ, ಟ್ರ್ಯಾಕಿನ ಮೇಲೂ ಹರಡಿತು. ಸಂಘದ ಕಾರ್ಯದರ್ಶಿ ಧಾವಿಸಿ ಬಂದರು.

"ಏನ್ ಮೇಡಂ ಇದು, ವಾಕಿಂಗ್ ಟ್ರ್ಯಾಕ್ ಮೇಲೆ ಹುಲ್ಲಾ?"

"ಇವತ್ತೊಂದು ದಿನ ಸಾರ್. ಸಾಯಂಕಾಲ ಎತ್ತಿಸ್ತೀನಿ," ಎಂದೆ. ಯಾವ ನಿಯಮದಲ್ಲೂ ಅದಕ್ಕೆ ಜಾಗವಿರಲಿಲ್ಲ. ಅವರು ಗೊಣಗಿಕೊಂಡು ಹೋದರು.

ಆ ಭಾನುವಾರ ವಾಕಿಂಗಿಗೆ ಬಂದವರು ಮೊದಲು ಹುಲ್ಲನ್ನು ಸುತ್ತಿ ಬಳಸಿ ಹೋದರು. ಆಮೇಲೆ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು. ಅವರನ್ನು ನೋಡಿ ಇನ್ನೂ ಕೆಲವರು ಶೂ ಬಿಚ್ಚಿದರು. ಬಿಸಿಲೇರಿದಂತೆ ಒಣಹುಲ್ಲಿನ ವಾಸನೆ ಪಾರ್ಕಿನ ತುಂಬ ಹರಡಿತು. ಅಣ್ಣತಮ್ಮಂದಿರು ಟ್ರ್ಯಾಕಿನ ಮೇಲೆಯೇ, ಹುಲ್ಲಿನಲ್ಲಿ ಕಾಲು ಚಾಚಿ ಕೂತಿದ್ದರು. ಒಮ್ಮೆ ಹನುಮಂತಪ್ಪನವರು, "ಅಮ್ಮ ಕಣ ಗುಡಿಸ್ತಿದ್ದ ಸದ್ದು ನಿಂಗೆ ಕೇಳಿಸುತ್ತಾ ಒಂದೊಂದ್ಸಲ?" ಎಂದು ಕೇಳಿದರು. ಮುನಿರಾಜು ಹುಲ್ಲಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು.

ಹೊತ್ತು ಇಳಿಯುವಾಗ ಲಕ್ಷ್ಮಮ್ಮ ಪೊರಕೆ ಹಿಡಿದು ಬಂದಳು. ನಾನು ಹನುಮಂತಪ್ಪನವರ ಕಡೆ ನೋಡಿದೆ. ಅವರು ತಮ್ಮನ ಕಡೆ ಕೈ ತೋರಿಸಿದರು. "ಅವನನ್ನ ಕೇಳಿ ಮೇಡಂ. ಅವನು ಹೇಳ್ದಾಗ ಎತ್ತೋಣ."

ಮುನಿರಾಜು ತಲೆ ಎತ್ತಿ ಅಣ್ಣನನ್ನು ನೋಡಿದರು. ಮತ್ತೆ ಪಂಚೆ ಕೊಡವಿಕೊಂಡು ಎದ್ದು, "ಎತ್ತಿ, ಜನಕ್ಕೆ ತೊಂದ್ರೆ ಆಗುತ್ತೆ," ಎಂದರು. ಪೊರಕೆಯನ್ನು ಲಕ್ಷ್ಮಮ್ಮನ ಕೈಯಿಂದ ತಾವೇ ತೆಗೆದುಕೊಂಡರು. ಮಡಿಗೆ ಆರು ಅಂಗುಲದಷ್ಟು ಬಿಟ್ಟು, ಗಿಡಗಳ ಬುಡದಿಂದ ಒಂದಿಷ್ಟು ದೂರ ಸರಿಸಿ, ಮಿಕ್ಕ ಹುಲ್ಲನ್ನು ಪಂಪ್‌ಹೌಸಿನ ಹಿಂದೆ ಬಣವೆ ಒಟ್ಟಿದರು. ಬಣವೆ ಒಟ್ಟುವುದನ್ನು ಅಷ್ಟು ಚಂದವಾಗಿ ಜೆ.ಪಿ. ನಗರದಲ್ಲಿ ನೋಡುತ್ತೇನೆಂದು ನಾನು ಎಣಿಸಿರಲಿಲ್ಲ. ಕೆಳಗಿನಿಂದ ಅಣ್ಣ ಎತ್ತಿ ಕೊಟ್ಟರು, ಮೇಲೆ ತಮ್ಮ ಒಟ್ಟಿದರು.

ಆ ಬೇಸಿಗೆ ಮಡಿ ಉಳಿಯಿತು. ಟ್ಯಾಂಕರ್ ತಡವಾದಾಗಲೂ ಹುಲ್ಲಿನ ಕೆಳಗೆ ಕೈ ಹಾಕಿದರೆ ಮಣ್ಣು ತಣ್ಣಗಿರುತ್ತಿತ್ತು. ಮಳೆ ಬಿದ್ದ ಮೇಲೆ ಎರೆಹುಳು ಕಂಡಿತು, ಕನಕಾಂಬರ ಹೂ ಹಿಡಿಯಿತು. ಜಿಮ್ಮಿನ ಸಲಕರಣೆಯನ್ನು ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಹಾಕಿದರು.

ಅಣ್ಣತಮ್ಮಂದಿರ ನಡುವೆ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಡವಿದ ಮನೆ ಮತ್ತೆ ಏಳುವುದಿಲ್ಲ. ಹೊದಿಕೆ ಕೂತು ತೆಳುವಾದಾಗ ಬಣವೆಯಿಂದ ಹುಲ್ಲು ತೆಗೆದು ಹಾಕಲು ಮುನಿರಾಜು ಆಗಾಗ ಬರುತ್ತಿದ್ದರು. ಆಗ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ನಾನು ನಿವೃತ್ತಳಾಗುವ ಮುನ್ನ ಕೊನೆಯ ಸಲ ಅಲ್ಲಿಗೆ ಹೋದಾಗ ಬಣವೆ ಖಾಲಿಯಾಗಿತ್ತು. ಹಾಸಿದ್ದ ಹುಲ್ಲೂ ಬಹುಪಾಲು ಮಣ್ಣಲ್ಲಿ ಮಣ್ಣಾಗಿತ್ತು. ಹನುಮಂತಪ್ಪ ಒಬ್ಬರೇ ಇದ್ದರು.

"ಇನ್ನು ಇದಕ್ಕೆ ಹುಲ್ಲು ಬೇಡ್ವಾ ಮೇಡಂ?"

"ಬೇಕು ಸಾರ್. ವರ್ಷ ವರ್ಷ ಹಾಕ್ತಾನೇ ಇರ್ಬೇಕು."

ಅವರು ಜೇಬಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು. "ಹಂಗಾದ್ರೆ ಅವನ ನಂಬರ್ ಇದರಲ್ಲಿ ಹಾಕ್ಕೊಡಿ. ನನ್ ಹತ್ರ ಇಲ್ಲ."

ಹಾಕಿಕೊಟ್ಟೆ. ಹೆಸರು ಏನೆಂದು ಬರೆಯಲಿ ಎಂದು ಕೇಳಿದಾಗ ಅವರು, "ತಮ್ಮ ಅಂತ ಹಾಕಿ," ಎಂದರು.

ಈಗ ನಾನು ಬನಶಂಕರಿಯಲ್ಲಿ ಮೂರನೇ ಮಹಡಿಯ ಮನೆಯಲ್ಲಿದ್ದೇನೆ. ಪರಿಚಯದವರು ಕೈತೋಟದ ಮಡಿಗೆ ಎಷ್ಟು ಹೊದಿಕೆ ಬೇಕೆಂದು ಕೇಳಿದರೆ ಅದೇ ಲೆಕ್ಕ ಹೇಳಿಕೊಡುತ್ತೇನೆ: ತ್ರಿಜ್ಯವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ದಪ್ಪದಿಂದ ಗುಣಿಸಿ. ಒಮ್ಮೆ ಹಾಕಿ ಮರೆಯಬಹುದಲ್ಲ ಎಂದು ಬೆಣಚುಕಲ್ಲು ಸುರಿಯಲು ಹೊರಟವರಿಗೆ ಹುಲ್ಲನ್ನೇ ಹಾಸಿ ಎನ್ನುತ್ತೇನೆ. ಹುಲ್ಲು ಕರಗುತ್ತದೆ, ಮತ್ತೆ ತರಬೇಕಾಗುತ್ತದೆ, ಅದಕ್ಕಾಗಿ ಯಾರನ್ನಾದರೂ ಕೇಳಬೇಕಾಗುತ್ತದೆ. ನನ್ನ ವೃತ್ತಿ ಕಲಿಸಿದ್ದರಲ್ಲಿ ಇದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಬೇಸಿಗೆ ಶುರುವಾದಾಗ ಆ ಕಡೆಯ ಬಸ್ಸು ಹತ್ತಿ ಹೋಗಿ ನೋಡಿಬರೋಣ ಅನಿಸುತ್ತದೆ. ಈ ವರ್ಷ ಇನ್ನೂ ಹೋಗಿಲ್ಲ.